ಮಕ್ಕಳಿಗೆ ಕೋಳಿ ತರುವ ಮುನ್ನ

ಸಂಜೆ ಕೆಲಸ ಮುಗಿಸಿ ಲೋಕಲ್‌ನಿಂದ ಇಳಿದು ಮನೆಯ ದಾರಿ ಹಿಡಿಯುವ ಉಪನಗರದ ತಂದೆಯಂದಿರ ಕಣ್ಣಿಗೆ ಆಗೊಮ್ಮೆ ಈಗೊಮ್ಮೆ ಒಂದು ಬುಟ್ಟಿ ಬೀಳುವುದುಂಟು. ಗುಲಾಬಿ, ಹಸಿರು, ನೀಲಿ, ಕೇಸರಿ ಬಣ್ಣ ಬಳಿದ ಕೋಳಿಮರಿಗಳು ಅದರೊಳಗೆ ಒಂದರ ಮೇಲೊಂದು ಬಿದ್ದು ಚೀಂವ್‌ಗುಟ್ಟುತ್ತಿರುತ್ತವೆ. ಬೆಲೆಯೂ ಹೆಚ್ಚಿಲ್ಲ, ಒಂದು ಐಸ್‌ಕ್ರೀಮಿಗೆ ಕೊಡುವಷ್ಟು ಕೊಟ್ಟರೆ ಎರಡು ಮರಿ ಕಾಗದದ ಚೀಲಕ್ಕೆ ಬೀಳುತ್ತವೆ. ಮನೆಗೆ ತಂದ ಆ ರಾತ್ರಿ ಮಕ್ಕಳಿಗೆ ಹಬ್ಬವೇ ಹಬ್ಬ. ಶೂ ಡಬ್ಬಿಯೊಳಗೆ ಹಳೆಯ ಬನಿಯನ್ನು ಹಾಸಿ, ಒಂದು ಮುಚ್ಚಳದಲ್ಲಿ ನೀರು, ಇನ್ನೊಂದರಲ್ಲಿ ಅಕ್ಕಿ ಇಟ್ಟು, ಮರಿಗೆ ಹೆಸರೂ ಇಟ್ಟು ಮಲಗುತ್ತಾರೆ. ಮೂರನೆಯ ದಿನ ಬೆಳಿಗ್ಗೆ ಮಕ್ಕಳು ಏಳುವ ಮುಂಚೆಯೇ ತಾಯಿ ಆ ಡಬ್ಬಿಯನ್ನು ಸದ್ದಿಲ್ಲದೆ ಹೊರಗೆ ಕೊಂಡೊಯ್ಯುವ ಪ್ರಸಂಗ ಎಷ್ಟು ಮನೆಗಳಲ್ಲಿ ನಡೆದಿಲ್ಲ!

ಆ ಮರಿ ಸಾಯುವುದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಮೊಟ್ಟೆಗಾಗಿ ಕೋಳಿ ಬೆಳೆಸುವ ದೊಡ್ಡ ಮರಿಕೇಂದ್ರಗಳಲ್ಲಿ ಹೆಣ್ಣು ಮರಿಗೆ ಮಾತ್ರ ಬೆಲೆ. ಗಂಡು ಮರಿ ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆ ಬೇಗ ಬೆಳೆಯುವುದೂ ಇಲ್ಲ. ಹುಟ್ಟಿದ ದಿನವೇ ಬೇಡವಾದ ಇಂತಹ ಮರಿಗಳೇ ಹೆಚ್ಚಾಗಿ ಬಣ್ಣ ಬಳಿಸಿಕೊಂಡು ಸಂತೆ ಜಾತ್ರೆಗಳಿಗೆ, ಫುಟ್‌ಪಾತ್‌ಗಳಿಗೆ ಬಂದು ಸೇರುತ್ತವೆ. ತಾಯಿಯ ರೆಕ್ಕೆಯ ಅಡಿಯಲ್ಲಿ ಇರಬೇಕಾದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ವಾರಕ್ಕೆ ಎರಡು ಮೂರು ಡಿಗ್ರಿಯಂತೆ ಅದನ್ನು ಇಳಿಸುತ್ತ ಬರಬೇಕು. ಬಣ್ಣದ ನೀರಲ್ಲಿ ಅದ್ದಿ ತೆಗೆದು, ದಿನವಿಡೀ ಬಿಸಿಲು ಧೂಳಿನಲ್ಲಿ ಕುಳ್ಳಿರಿಸಿ, ರಾತ್ರಿ ಫ್ಯಾನಿನ ಕೆಳಗೆ ಇಟ್ಟರೆ ಅದು ಬದುಕುವುದಾದರೂ ಹೇಗೆ?

ಅದೃಷ್ಟವಶಾತ್ ಬದುಕಿತೆಂದೇ ಇಟ್ಟುಕೊಳ್ಳೋಣ. ಆಗ ಎದುರಾಗುವುದು ಇನ್ನೊಂದು ಪೇಚು. ಇವು ಬಹುತೇಕ ಗಂಡು, ಅದರಲ್ಲೂ ಬಿಳಿ ಲೆಗಾರ್ನ್‌ನಂತಹ ಹಗುರ ಮೈಯ, ಸದ್ದಾದರೆ ಬೆಚ್ಚಿ ಹಾರುವ ಜಾತಿಯವು. ನಾಲ್ಕೈದು ತಿಂಗಳಾಗುವಷ್ಟರಲ್ಲಿ ಹುಂಜ ಕೂಗಲು ಶುರು ಮಾಡುತ್ತದೆ, ಕಾಲಿನ ಮುಳ್ಳು ಬೆಳೆಯತೊಡಗುತ್ತದೆ, ಹತ್ತಿರ ಬಂದ ಮಗುವಿನ ಮೇಲೆ ಎಗರುವುದೂ ಉಂಟು. ಆ ಹೊತ್ತಿಗೆ ಸೊಸೈಟಿಯ ಕಾರ್ಯದರ್ಶಿ ಎರಡು ಬಾರಿ ಬಾಗಿಲು ತಟ್ಟಿ ಹೋಗಿರುತ್ತಾರೆ. ಕೊನೆಗೆ ಹುಂಜ ಓಣಿಯ ಚಿಕನ್ ಅಂಗಡಿಗೆ ಹೋಗುತ್ತದೆ, ಮಗುವಿಗೆ ಮಾತ್ರ "ಊರಿಗೆ ಕಳಿಸಿದ್ದೇವೆ" ಎಂಬ ಉತ್ತರ ಸಿಗುತ್ತದೆ. ಒಟ್ಟಿನಲ್ಲಿ ಮಕ್ಕಳ ಸಾಕುಕೋಳಿಯಾಗಿ ಬುಟ್ಟಿಯ ಬಣ್ಣದ ಮರಿಗಿಂತ ಕೆಟ್ಟ ಆಯ್ಕೆ ಬೇರೊಂದಿಲ್ಲ.

ಹಾಗೆಂದು ಮಕ್ಕಳಿಗೆ ಕೋಳಿ ಸಾಕುವ ಆಸೆಯೇ ತಪ್ಪು ಎನ್ನಲಾಗದು. ಮುಂಬಯಿ ನಗರದೊಳಗಿನ ಒಂದು ಕೋಣೆಯ ಮನೆ ಬಿಟ್ಟು ಡೊಂಬಿವಲಿಗೆ, ಅಲ್ಲಿಂದ ಅಂಬರ್‌ನಾಥ್ ದಾಟಿ ಬದಲಾಪುರಕ್ಕೆ ಬಂದು ನೆಲೆಸಿದ ಕನ್ನಡಿಗರು ಇಲ್ಲಿಗೆ ಬಂದದ್ದೇ ಒಂದಿಷ್ಟು ಜಾಗ, ಒಂದಿಷ್ಟು ಗಾಳಿ ಸಿಗಲಿ ಎಂಬ ಆಸೆಯಿಂದ. ಹಿಂದೆ ದಂಡಿನವರು ಕುದುರೆ ಬದಲಾಯಿಸುತ್ತಿದ್ದ ಠಾಣೆಯಾದ್ದರಿಂದ ಊರಿಗೆ ಈ ಹೆಸರು ಬಂತೆಂಬ ಪ್ರತೀತಿಯಿದೆ. ಈಗ ಊರೇ ಬದಲಾಗಿದೆ. 2011ರ ಜನಗಣತಿಯ ಹೊತ್ತಿಗೇ ಇಲ್ಲಿ 1.74 ಲಕ್ಷ ಜನರಿದ್ದರು, ಆ ಬಳಿಕ ಎದ್ದ ಗೋಪುರಗಳನ್ನು ನೋಡಿದರೆ ಇಂದಿನ ಸಂಖ್ಯೆಯನ್ನು ಊಹಿಸಬಹುದು. ಆದರೂ ಹಳೆಯ ಬಂಗಲೆಗಳು, ಅಂಗಳವುಳ್ಳ ರೋಹೌಸ್‌ಗಳು, ಉಲ್ಲಾಸ ನದಿಯ ಕಡೆಯ ಹಳ್ಳಿಪಾಡುಗಳಲ್ಲಿ ಕೊಂಡುಕೊಂಡ ತುಂಡು ಜಾಗಗಳು ಇನ್ನೂ ಉಳಿದಿವೆ. ದಾದರಿನಲ್ಲಿ ಕೋಳಿ ಸಾಕುವ ಮಾತೆತ್ತಿದರೆ ನಗುತ್ತಾರೆ, ಬದಲಾಪುರದಲ್ಲಿ ಯಾರೂ ನಗುವುದಿಲ್ಲ.

ಕೋಳಿ ನಮ್ಮವರಿಗೆ ಹೊಸದೇನೂ ಅಲ್ಲ. ಕರಾವಳಿಯವರಿಗೆ ಅದು ಊರ ಕೋಳಿ, ವಿಜಯಪುರ ಕಲಬುರಗಿಯವರಿಗೆ ಜವಾರಿ ಕೋಳಿ, ಮೈಸೂರು ಕಡೆಯವರಿಗೆ ನಾಟಿ ಕೋಳಿ. ಪಕ್ಕದ ಮನೆಯ ಮರಾಠಿ ಬಾಂಧವರಿಗೆ ಗಾವಠಿ ಕೋಂಬಡಿ. ಆದರೆ ಕೋಳಿಯ ಬಗ್ಗೆ ಹಿರಿಯರಿಗಿದ್ದ ತಿಳಿವಳಿಕೆ ಯಾವುದರ ಬಗ್ಗೆ ಎಂಬುದನ್ನೂ ಗಮನಿಸಬೇಕು. ತುಳುನಾಡಿನಲ್ಲಿ ಹುಂಜಗಳನ್ನು ಬಣ್ಣದಿಂದಲೇ ಗುರುತಿಸಿ ಬೊಳ್ಳೆ, ಕೆಮ್ಮೈರೆ, ಕಕ್ಕೆ ಎಂದು ಹೆಸರು ಹೇಳುವವರಿದ್ದಾರೆ. ಯಾವ ದಿನ ಯಾವ ಬಣ್ಣದ ಹುಂಜಕ್ಕೆ ಗೆಲುವು ಎಂದು ನೋಡಲು ಕುಕ್ಕುಟ ಪಂಚಾಂಗವೇ ಇದೆ! ಕೋಳಿ ಅಂಕಕ್ಕೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಅಡ್ಡ ಬಂದರೂ ಆ ವಿದ್ಯೆ ಮಾತ್ರ ಮರೆತುಹೋಗಿಲ್ಲ. ಜಗಳಗಂಟ ಕೋಳಿಯನ್ನು ಆರಿಸುವುದರಲ್ಲಿ ಪಳಗಿದ ಸಮಾಜಕ್ಕೆ ಸೌಮ್ಯ ಕೋಳಿಯನ್ನು ಆರಿಸುವ ಪ್ರಶ್ನೆ ಎದುರಾಗಿರುವುದು ಬಹುಶಃ ಇದೇ ಮೊದಲು. ಅದಕ್ಕೆ ಪಂಚಾಂಗವಿಲ್ಲ.

ಸೌಮ್ಯ ಎಂದರೇನು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಅಂಕದ ತಳಿಯೆಂದೇ ಹೆಸರಾದ ಅಸೀಲ್ ಕೋಳಿಯನ್ನು ನೋಡಿ. ಸಾಕಿದವನ ಕೈಗೆ ಅದು ಚೆನ್ನಾಗಿಯೇ ಒಗ್ಗುತ್ತದೆ, ತೊಡೆಯ ಮೇಲೂ ಕೂರುತ್ತದೆ. ಆದರೆ ಇನ್ನೊಂದು ಕೋಳಿಯನ್ನು ಕಂಡರೆ ರಕ್ತ ಹರಿಸದೆ ಬಿಡದು, ಅದರ ಹೇಂಟೆಗಳೂ ಕಾದಾಡುತ್ತವೆ. ಬಿಳಿ ಲೆಗಾರ್ನ್ ಇದಕ್ಕೆ ತದ್ವಿರುದ್ಧ. ಅದು ಕೈಗೇ ಸಿಗುವುದಿಲ್ಲ. ಮಕ್ಕಳಿಗೆ ಬೇಕಾದದ್ದು ಮನುಷ್ಯರೊಡನೆಯೂ ತನ್ನವರೊಡನೆಯೂ ತಣ್ಣಗಿರುವ, ಮೈ ಭಾರವಾಗಿ ಹಾರಲಾಗದ, ಹಿಡಿದಾಗ ಗಾಬರಿ ಬೀಳದ ಕೋಳಿ.

ಅಂತಹ ಕೋಳಿಯನ್ನು ಹುಡುಕಿ ವಿದೇಶಕ್ಕೆ ಹೋಗಬೇಕಾಗಿಲ್ಲ. ಅದು ಕನ್ನಡನಾಡಿನಲ್ಲೇ ಇದೆ, ಹೆಸರು ಗಿರಿರಾಜ. ಹಿತ್ತಿಲಲ್ಲಿ ಕೋಳಿ ಸಾಕುವ ರೈತರಿಗೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ಬೆಳೆಸಿ 1989ರಲ್ಲಿ ಹೊರತಂದ ತಳಿ ಇದು. ಹೆಬ್ಬಾಳದ ಪಶುವೈದ್ಯ ಕಾಲೇಜು ಮುಂದೆ ಬೀದರ್ ಕೇಂದ್ರವಾಗುಳ್ಳ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಮಡಿಲಿಗೆ ಸೇರಿತು. ಗಿರಿರಾಜ ನೋಡಲು ಊರ ಕೋಳಿಯಂತೆಯೇ ಬಣ್ಣಬಣ್ಣದ ಗರಿಯುಳ್ಳದ್ದು, ಆದರೆ ಮೈಕಟ್ಟು ದೊಡ್ಡದು. ಪ್ರಾಯಕ್ಕೆ ಬಂದ ಹೇಂಟೆ ಮೂರು ಕಿಲೋ ತೂಗುತ್ತದೆ. ವರ್ಷಕ್ಕೆ 130ರಿಂದ 150 ಮೊಟ್ಟೆ, ಅದೂ ಕಂದು ಬಣ್ಣದ್ದು. ಅಡುಗೆಮನೆಯ ಉಳಿಕೆ, ಸೊಪ್ಪು, ಹುಳುಹುಪ್ಪಟೆ ತಿಂದು ಬೆಳೆಯುವ ತಾಳಿಕೆಯೂ ಅದಕ್ಕಿದೆ.

ರೈತರು ಗಿರಿರಾಜದ ಬಗ್ಗೆ ಹೇಳುವ ದೂರು ಒಂದೇ: ಮೈ ಭಾರ, ಹಾರಲಾರದು, ಕಾಡುಬೆಕ್ಕು ನರಿಗಳ ಬಾಯಿಗೆ ಸುಲಭವಾಗಿ ಸಿಗುತ್ತದೆ. 2005ರಲ್ಲಿ ಬಂದ ಸ್ವರ್ಣಧಾರಾ ತಳಿಯನ್ನು ಹೊಗಳುವಾಗಲೂ ಇದೇ ಮಾತು ಬರುತ್ತದೆ. ಅದು ಗಿರಿರಾಜಕ್ಕಿಂತ ಹಗುರ, ತಪ್ಪಿಸಿಕೊಂಡು ಓಡುತ್ತದೆ, ವರ್ಷಕ್ಕೆ 180ರಿಂದ 190 ಮೊಟ್ಟೆ ಕೊಡುತ್ತದೆ ಎಂದು. ಆದರೆ ರೈತನಿಗೆ ಕೊರತೆಯಾದದ್ದೇ ಮಗುವಿಗೆ ಗುಣವಾಗುತ್ತದೆ. ಗೋಡೆ ಹಾರಿ ಪಕ್ಕದ ಮನೆಯ ತುಳಸಿಕಟ್ಟೆ ಏರದ, ಕರೆದರೆ ನಡೆದುಕೊಂಡೇ ಬರುವ ಕೋಳಿ ಆರು ವರ್ಷದ ಮಗುವಿಗೆ ಹೇಳಿ ಮಾಡಿಸಿದ್ದು. ಮೊಟ್ಟೆಯ ಲೆಕ್ಕ ಮುಖ್ಯವಾದವರು ಸ್ವರ್ಣಧಾರಾ ತರಲಿ, ಮಗು ಮುಖ್ಯವಾದವರಿಗೆ ಗಿರಿರಾಜವೇ ಸರಿ. ಗೂಡನ್ನು ಭದ್ರ ಮಾಡಿಕೊಳ್ಳಬೇಕು ಅಷ್ಟೆ. ಬದಲಾಪುರದ ಬೆಕ್ಕು, ಬೀದಿನಾಯಿ, ಮುಂಗುಸಿಗಳಿಗೂ ಭಾರದ ಕೋಳಿ ಇಷ್ಟವೇ.

ಹೆಬ್ಬಾಳದಿಂದ ಬದಲಾಪುರಕ್ಕೆ ಮರಿ ತರುವುದು ಸುಲಭವಲ್ಲ, ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತರುವ ಸಾಹಸ ಮಾಡಲೂ ಬಾರದು. ಗಿರಿರಾಜ ಸಿಗದಿದ್ದರೆ ಹೈದರಾಬಾದಿನ ಕೇಂದ್ರ ಸರಕಾರದ ಕೋಳಿ ಸಂಶೋಧನಾ ಸಂಸ್ಥೆ ಬೆಳೆಸಿದ ವನರಾಜ ಇದೆ. ಅದೂ ಭಾರ ಮೈಯ, ಬಣ್ಣದ ಗರಿಯ, ಸಮಾಧಾನದ ಹಿತ್ತಿಲ ಕೋಳಿ. ಗೋರೆಗಾಂವ್‌ನ ಆರೇ ಕಾಲನಿಯಲ್ಲಿ ಕೇಂದ್ರ ಸರಕಾರ ನಡೆಸುತ್ತ ಬಂದಿರುವ ಕೋಳಿ ಅಭಿವೃದ್ಧಿ ಕೇಂದ್ರದಲ್ಲಿ ಅಥವಾ ಹತ್ತಿರದ ಸರಕಾರಿ ಪಶು ಚಿಕಿತ್ಸಾಲಯದಲ್ಲಿ ವಿಚಾರಿಸಿದರೆ ಹಿತ್ತಿಲ ತಳಿಗಳು ಎಲ್ಲಿ ಸಿಗುತ್ತವೆ ಎಂಬ ಮಾಹಿತಿ ದೊರೆಯುತ್ತದೆ. ಲಸಿಕೆ ಹಾಕಿದ, ಎರಡು ಮೂರು ತಿಂಗಳು ಬೆಳೆದ ಹೆಣ್ಣು ಮರಿಗಳನ್ನೇ ಕೇಳಿ ತರಬೇಕು. ಬೆಲೆ ಹೆಚ್ಚಾಗುತ್ತದೆ ನಿಜ. ಆದರೆ ಶಾಖದ ತೊಂದರೆಯಿಲ್ಲ, ಹೆಣ್ಣೋ ಗಂಡೋ ಎಂಬ ಅನುಮಾನವಿಲ್ಲ, ಮೂರನೆಯ ದಿನದ ಕಣ್ಣೀರೂ ಇಲ್ಲ.

ಕ್ರಾಫರ್ಡ್ ಮಾರ್ಕೆಟ್ಟಿನ ಪಕ್ಷಿ ಅಂಗಡಿಗಳನ್ನು ನೋಡಿ ಬಂದವರು ಸಿಲ್ಕಿ ಕೋಳಿಯ ಮಾತೆತ್ತುತ್ತಾರೆ. ಗರಿಯ ಬದಲು ಹತ್ತಿಯಂತಹ ಕೂದಲು, ಕಪ್ಪು ಚರ್ಮ, ಕಾಲಿಗೆ ಐದು ಬೆರಳು, ಸ್ವಭಾವವೋ ಬೊಂಬೆಯಂತೆ. ಹೊರದೇಶಗಳಲ್ಲಿ ಮಕ್ಕಳಿಗೆಂದು ಮೊದಲು ಹೇಳುವ ಹೆಸರೇ ಇದು. ಆದರೆ ಅದರ ಗರಿ ನೀರನ್ನು ತಡೆಯುವುದಿಲ್ಲ, ನೆನೆದರೆ ಒದ್ದೆ ಹತ್ತಿಯಂತಾಗಿ ಚಳಿ ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗದ ಬದಲಾಪುರದಲ್ಲಿ ಅದನ್ನು ಸಾಕುವುದು ಕೋಳಿಗೂ ಕಷ್ಟ, ಸಾಕುವವರಿಗೂ ಕಷ್ಟ. ಕೊಚ್ಚಿನ್ ಎಂಬ ಇನ್ನೊಂದು ಸಾಧು ತಳಿಯಿದೆ. ಹೆಸರು ನಮ್ಮ ಕೊಚ್ಚಿಯದ್ದಾದರೂ ಮೂಲ ಚೀನಾ! ಕಾಲಿನ ಬೆರಳ ತನಕ ಗರಿ ಇರುವುದರಿಂದ ಮಳೆಗಾಲದ ಕೆಸರಿನಲ್ಲಿ ಅದರ ಪಾಡು ಹೇಳತೀರದು. ಇನ್ನು ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್. 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ ಮೇಲೆ, ಕ್ರಿಕೆಟಿಗ ಧೋನಿ ಅದರ ಮರಿಗಳನ್ನು ತರಿಸಿಕೊಂಡ ಸುದ್ದಿಯಾದ ಮೇಲೆ ಅದರ ಬೆಲೆ ಎಲ್ಲಿಗೋ ಹೋಗಿದೆ. ಚುರುಕಿನ, ಅಂಜುಬುರುಕ ಹಕ್ಕಿ ಅದು, ಮಗುವಿನ ತೊಡೆಯ ಮೇಲೆ ಕೂರುವ ಜಾಯಮಾನದ್ದಲ್ಲ.

ತಳಿ ಯಾವುದೇ ಇರಲಿ, ತರುವುದು ಹೇಂಟೆಯನ್ನೇ. ಹುಂಜ ಇಲ್ಲದಿದ್ದರೆ ಮೊಟ್ಟೆ ಇಡುವುದಿಲ್ಲ ಎಂದು ನಂಬಿದವರು ಇನ್ನೂ ಇದ್ದಾರೆ. ಹುಂಜ ಬೇಕಾಗುವುದು ಮರಿಗೆ, ಮೊಟ್ಟೆಗಲ್ಲ. ಎಷ್ಟೇ ಸಾಧು ತಳಿಯಾದರೂ ಹುಂಜ ಹುಂಜವೇ. ಅದರ ಎತ್ತರಕ್ಕೆ ಸರಿಯಾಗಿ ಮಗುವಿನ ಮುಖವಿರುತ್ತದೆ ಎಂಬುದನ್ನು ಮರೆಯಬಾರದು. ಕಾವಿಗೆ ಕೂತ ಹೇಂಟೆಯೂ ಕುಕ್ಕುತ್ತದೆ, ಆಗ ಅದರ ಪಾಡಿಗೆ ಅದನ್ನು ಬಿಡಬೇಕೆಂದು ಮಕ್ಕಳಿಗೆ ಹೇಳಿಕೊಟ್ಟರಾಯಿತು.

ಒಂಟಿ ಕೋಳಿಯನ್ನು ತರುವುದೂ ಸರಿಯಲ್ಲ. ಕೋಳಿ ಗುಂಪಿನಲ್ಲಿ ಬದುಕುವ ಜೀವ. ಮೂರಿದ್ದರೆ ಒಳ್ಳೆಯದು, ಮೂರೂ ಒಂದೇ ದಿನ, ಒಂದೇ ಪ್ರಾಯದವು ಬರಬೇಕು. ಬಾಲ್ಯದಲ್ಲಿ ಕೋಳಿಗಳ ಹಿಂದೆ ತಿರುಗುತ್ತ, ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಬರೆದಿಡುತ್ತಿದ್ದ ನಾರ್ವೆ ದೇಶದ ಹುಡುಗನೊಬ್ಬ ಮುಂದೆ 1920ರ ದಶಕದ ಆರಂಭದಲ್ಲಿ ಅದನ್ನೇ ಶಾಸ್ತ್ರವಾಗಿ ಮಂಡಿಸಿದ. ಆತನ ಹೆಸರು ಶೆಲ್ಡೆರುಪ್ ಎಬ್ಬೆ. ಹಿಂಡಿನಲ್ಲಿ ಯಾರು ಮೊದಲು ತಿನ್ನಬೇಕು, ಯಾರು ಯಾರಿಗೆ ದಾರಿ ಬಿಡಬೇಕು ಎಂಬುದು ಕೋಳಿಗಳ ನಡುವೆ ಕುಕ್ಕಿನಿಂದಲೇ ತೀರ್ಮಾನವಾಗುತ್ತದೆ ಎಂಬುದು ಆತ ಕಂಡುಕೊಂಡ ವಿಚಾರ. ಇದ್ದ ಹಿಂಡಿಗೆ ಏಕಾಏಕಿ ಹೊಸ ಕೋಳಿಯನ್ನು ಬಿಟ್ಟರೆ ಅದಕ್ಕೆ ಪೆಟ್ಟು ಬೀಳುವುದು ಈ ಕಾರಣಕ್ಕೇ. ಮೊಬೈಲ್‌ನಿಂದ ಕಣ್ಣು ತೆಗೆಯದ ಮಕ್ಕಳ ಬಗ್ಗೆ ಸಂಘದ ಪ್ರತಿ ಸಭೆಯಲ್ಲೂ ಕೊರಗುವ ಪಾಲಕರು ಈ ನಾರ್ವೆಯ ಹುಡುಗನ ಕತೆಯನ್ನು ಮಕ್ಕಳಿಗೆ ಒಮ್ಮೆ ಹೇಳಿ ನೋಡಬಹುದು.

ಕೋಳಿಯನ್ನು ಹಿಡಿಯುವ ಕ್ರಮವಂತೂ ಹಿರಿಯರೂ ಕಲಿಯಬೇಕಾದದ್ದು. ಊರಿನಲ್ಲಿ ಕಾಲು ಹಿಡಿದು ತಲೆಕೆಳಗೆ ತೂಗಾಡಿಸಿ ಒಯ್ಯುವುದನ್ನು ನೋಡಿ ಬೆಳೆದವರೇ ಹೆಚ್ಚು. ಕೋಳಿಗೆ ಮನುಷ್ಯರಂತೆ ಎದೆ ಹೊಟ್ಟೆಯ ನಡುವಿನ ವಪೆ ಇಲ್ಲ. ಎದೆಯ ಎಲುಬು ಮುಂದಕ್ಕೂ ಹಿಂದಕ್ಕೂ ಆಡಿದರೆ ಮಾತ್ರ ಅದಕ್ಕೆ ಉಸಿರು. ಮಗು ಪ್ರೀತಿಯಿಂದ ಗಟ್ಟಿಯಾಗಿ ಅಪ್ಪಿಕೊಂಡರೂ ಕೋಳಿ ಉಸಿರುಗಟ್ಟಿ ಸಾಯಬಹುದು. ಪ್ರೀತಿಯೇ ಪ್ರಾಣಕ್ಕೆ ಎರವಾಗುವ ಈ ಅಪಾಯವನ್ನು ಮೊದಲ ದಿನವೇ ಮಗುವಿಗೆ ಹೇಳಬೇಕು. ಎರಡೂ ಕೈಗಳಿಂದ ರೆಕ್ಕೆಗಳನ್ನು ಮೆತ್ತಗೆ ಮುಚ್ಚಿ, ಕಾಲಿಗೆ ಆಧಾರ ಕೊಟ್ಟು ಎತ್ತಿಕೊಳ್ಳಬೇಕು. ಅಟ್ಟಿಸಿಕೊಂಡು ಹೋಗಿ ಹಿಡಿಯಬಾರದು. ನೆಲದ ಮೇಲೆ ಕುಳಿತು ಅಂಗೈಯಲ್ಲಿ ನುಚ್ಚು ಹಿಡಿದು ಕಾದರೆ ಮೂರು ನಾಲ್ಕು ದಿನಗಳಲ್ಲಿ ಕೋಳಿ ತಾನಾಗಿಯೇ ಬರುತ್ತದೆ. ಸೌಮ್ಯತೆ ಅರ್ಧ ತಳಿಯಿಂದ ಬಂದರೆ ಇನ್ನರ್ಧ ಬರುವುದು ಹೀಗೆ. ಗಿರಿರಾಜವನ್ನೇ ತಂದು ದಿನವೂ ಬೆನ್ನಟ್ಟಿದರೆ ಅದೂ ಲೆಗಾರ್ನ್‌ನಂತೆಯೇ ಓಡುತ್ತದೆ.

ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಕಡ್ಡಾಯ. ನೋಡಲು ಆರೋಗ್ಯವಾಗಿರುವ ಕೋಳಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು, ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಅದು ಬೇಗ ತಗಲುತ್ತದೆ. ಅಷ್ಟು ಚಿಕ್ಕವರ ಕೈಗೆ ಕೋಳಿ ಕೊಡದೆ ದೂರದಿಂದಲೇ ಕಾಳು ಹಾಕಿಸುವುದು ಲೇಸು. ಮುದ್ದಿಡುವುದು, ಅಡುಗೆಮನೆಯೊಳಗೆ ಬಿಡುವುದು ಯಾರಿಗೂ ಬೇಡ.

ಈಗ ಜಾಗದ ಮಾತು. ಏಳನೆಯ ಮಾಳಿಗೆಯ ಫ್ಲಾಟಿನ ಬಾಲ್ಕನಿಯಲ್ಲಿ ಕೋಳಿ ಸಾಕುವ ವಿಚಾರವಿದ್ದರೆ ಅದನ್ನು ಅಲ್ಲಿಗೇ ಕೈಬಿಡುವುದು ಎಲ್ಲರಿಗೂ ಕ್ಷೇಮ. ಕೋಳಿಗೆ ಕೆರೆಯಲು ಮಣ್ಣು ಬೇಕು, ಧೂಳಿನಲ್ಲಿ ಹೊರಳಿ ಮೈ ಶುಚಿ ಮಾಡಿಕೊಳ್ಳಲು ಒಣ ಜಾಗ ಬೇಕು. ಟೈಲ್ಸ್ ಮೇಲೆ ಇವೆರಡೂ ಇಲ್ಲ. ಕೆಳಮನೆಯವರ ಬಟ್ಟೆಯ ಮೇಲೆ ಬೀಳುವ ಹಿಕ್ಕೆಯ ಮಾತು ಬೇರೆ. ಅಂಗಳವಿದ್ದವರೂ ನೆರೆಹೊರೆಯವರನ್ನು, ಸೊಸೈಟಿ ಇದ್ದರೆ ಅದರ ಸಮಿತಿಯನ್ನು ಮೊದಲು ಕೇಳಬೇಕು. ಗುಜರಾತಿ, ಜೈನ ಕುಟುಂಬಗಳು ಪಕ್ಕದಲ್ಲಿದ್ದರೆ ಕೋಳಿ ಸಾಕುವುದು ಮಕ್ಕಳ ಆಟಕ್ಕೆ, ಕೊಯ್ಯುವುದಕ್ಕಲ್ಲ ಎಂದು ಮೊದಲೇ ಹೇಳಿದರೆ ಸಂಬಂಧ ಕೆಡುವುದಿಲ್ಲ. ಹಾಗೆ ಹೇಳಿದ ಮೇಲೆ ಅದರಂತೆ ನಡೆದುಕೊಳ್ಳಬೇಕಷ್ಟೆ.

ಗೂಡು ನೆಲದಿಂದ ಎರಡಡಿಯಾದರೂ ಮೇಲಿರಬೇಕು. ಉಲ್ಲಾಸ ನದಿ 2005ರ ಜುಲೈ 26ರಂದು ಏನು ಮಾಡಿತೆಂಬುದನ್ನು ಇಲ್ಲಿನ ಹಳಬರಿಗೆ ನೆನಪಿಸಬೇಕಾಗಿಲ್ಲ. 2019ರ ಜುಲೈಯಲ್ಲಿ ಬದಲಾಪುರ ಮತ್ತು ವಾಂಗಣಿ ನಡುವೆ ಮಹಾಲಕ್ಷ್ಮೀ ಎಕ್ಸ್‌ಪ್ರೆಸ್ ನೀರಿನ ನಡುವೆ ಸಿಕ್ಕಿಬಿದ್ದು ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರನ್ನು ಪಾರು ಮಾಡಬೇಕಾಯಿತು. ತಗ್ಗಿನಲ್ಲಿರುವ ಮನೆಗಳವರು ನೀರು ಬಂದರೆ ಕೋಳಿಗಳನ್ನು ಎಲ್ಲಿಗೆ ಎತ್ತಿಡುವುದೆಂದು ಮೊದಲೇ ಯೋಚಿಸಿಡಬೇಕು. ನೆರೆ ಬಾರದಿದ್ದರೂ ಮಳೆಗಾಲದ ತೇವವೇ ದೊಡ್ಡ ಶತ್ರು. ಗೂಡಿನ ಹಾಸು ಒದ್ದೆಯಾದರೆ ಎಳೆಯ ಕೋಳಿಗಳಿಗೆ ರಕ್ತಭೇದಿ ಹತ್ತುತ್ತದೆ. ಭತ್ತದ ಹೊಟ್ಟು ಹಾಕಿ ಆಗಾಗ ತಿರುವಿ ಬದಲಾಯಿಸಬೇಕು. ಇನ್ನು ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ ನೆರಳು ಮತ್ತು ತಣ್ಣೀರು. ತಿನ್ನಲು ನುಚ್ಚಕ್ಕಿ, ಜೋಳ, ಸೊಪ್ಪಿನ ಜತೆ ಅಂಗಡಿಯ ಕೋಳಿ ಆಹಾರ. ಮರುವಾಯಿ ಮಾಡಿದ ದಿನ ಚಿಪ್ಪನ್ನು ಎಸೆಯದೆ ತೊಳೆದು ಒಣಗಿಸಿ ಪುಡಿ ಮಾಡಿ ಕೊಟ್ಟರೆ ಮೊಟ್ಟೆಯ ಓಡು ಗಟ್ಟಿಯಾಗುತ್ತದೆ. ಉಳಿದ ಫರಸಾಣ್ ಮಾತ್ರ ಕೊಡಬಾರದು, ಅಷ್ಟು ಉಪ್ಪು ಕೋಳಿಗೆ ಆಗದು.

ರೋಗದ ಮಾತನ್ನು ಮರೆಮಾಚುವುದು ಸರಿಯಲ್ಲ. ಊರಿನಲ್ಲಿ ಕೊಕ್ಕರೆ ರೋಗ ಎನ್ನುವ ರಾಣಿಖೇತ್ ಬಂದರೆ ಹಿಂಡಿಗೆ ಹಿಂಡೇ ಹೋಗುತ್ತದೆ, ಲಸಿಕೆಯೊಂದೇ ದಾರಿ. ಹಕ್ಕಿಜ್ವರ ಅದಕ್ಕಿಂತ ಗಂಭೀರ. ಭಾರತದಲ್ಲಿ ಅದು ಮೊದಲು ಕಾಣಿಸಿಕೊಂಡದ್ದು ಇದೇ ಮಹಾರಾಷ್ಟ್ರದ ನವಾಪುರದಲ್ಲಿ, 2006ರ ಫೆಬ್ರವರಿಯಲ್ಲಿ. 2022ರ ಫೆಬ್ರವರಿಯಲ್ಲಿ ಥಾಣೆ ಜಿಲ್ಲೆಯ ಶಹಾಪುರ ತಾಲೂಕಿನ ವೇಹಳೋಲಿ ಗ್ರಾಮಕ್ಕೂ ಬಂದು, ಸುತ್ತಲಿನ ಒಂದು ಕಿಲೋಮೀಟರ್ ಒಳಗಿನ ಸುಮಾರು 25 ಸಾವಿರ ಕೋಳಿಗಳನ್ನು ಕೊಲ್ಲಲು ಆದೇಶವಾಯಿತು. ಇಂತಹ ಸಂದರ್ಭದಲ್ಲಿ ಫಾರ್ಮಿನ ಕೋಳಿ, ಮಗುವಿನ ಕೋಳಿ ಎಂಬ ಭೇದ ಇರುವುದಿಲ್ಲ. ಕೋಳಿಗಳು ಒಮ್ಮೆಗೇ ಸಾಯತೊಡಗಿದರೆ ಮುಟ್ಟದೆ, ಹೂಳದೆ ಪಶು ಇಲಾಖೆಗೆ ತಿಳಿಸುವುದು ಪಾಲಕರ ಜವಾಬ್ದಾರಿ. ಸಣ್ಣಪುಟ್ಟ ಕಾಯಿಲೆಗೆ ಕೋಳಿ ನೋಡುವ ವೈದ್ಯರು ಹತ್ತಿರದಲ್ಲಿ ಇದ್ದಾರೆಯೇ ಎಂದು ತರುವ ಮುಂಚೆಯೇ ವಿಚಾರಿಸಬೇಕು. ಪರೇಲ್‌ನ ಬಾಯಿ ಸಕರ್‌ಬಾಯಿ ಆಸ್ಪತ್ರೆಯ ತನಕ ಕೋಳಿಯನ್ನು ಲೋಕಲ್‌ನಲ್ಲಿ ಒಯ್ಯುವುದು ಬೆಳಗಿನ ಗರ್ದಿಯಲ್ಲಿ ಆಗುವ ಮಾತೇ?

ಇದೆಲ್ಲ ಮಾಡುವವರು ಯಾರು? ಮಕ್ಕಳು ಒಂದು ತಿಂಗಳು ಮಾಡುತ್ತಾರೆ. ಪರೀಕ್ಷೆ ಬಂದ ಮೇಲೆ ಗೂಡು ತೊಳೆಯುವ ಕೆಲಸ ತಾಯಿಯದ್ದೋ ಅಜ್ಜಿಯದ್ದೋ ಆಗುತ್ತದೆ. ಕೋಳಿ ಬೇಕೆಂದು ಹಟ ಹಿಡಿದವರು ಮಕ್ಕಳು, ತಂದವರು ತಂದೆ. ಬೆಳಿಗ್ಗೆ ಆರಕ್ಕೆ ಗೂಡಿನ ಬಾಗಿಲು ತೆಗೆಯುವವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವರ ಒಪ್ಪಿಗೆ ಇಲ್ಲದೆ ಒಂದು ಗರಿಯನ್ನೂ ಮನೆಯೊಳಗೆ ತರಬಾರದು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆಗೆ ತಳಿಯ ಸಂಬಂಧವೇ ಇಲ್ಲ. ಚೆನ್ನಾಗಿ ನೋಡಿಕೊಂಡರೆ ಹೇಂಟೆ ಐದರಿಂದ ಎಂಟು ವರ್ಷ ಬದುಕುತ್ತದೆ. ಮೊಟ್ಟೆ ಮಾತ್ರ ಎರಡು ಮೂರು ವರ್ಷಗಳಲ್ಲಿ ಕಡಿಮೆಯಾಗುತ್ತದೆ. ಆಮೇಲೆ? ನಮ್ಮ ಬಹುತೇಕ ಮನೆಗಳಲ್ಲಿ ಭಾನುವಾರ ಕೋರಿ ರೊಟ್ಟಿಯೋ ಸುಕ್ಕವೋ ಇದ್ದೇ ಇರುತ್ತದೆ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಮಾಂಸ ಎಲ್ಲಿಂದ ಬರುತ್ತದೆಂದು ಮಕ್ಕಳು ತಿಳಿದುಕೊಂಡರೆ ಕೆಡುಕೂ ಇಲ್ಲ. ಆದರೆ ಮಗು ಹೆಸರಿಟ್ಟು ಕೈಯಲ್ಲಿ ಕಾಳು ತಿನ್ನಿಸಿದ ಕೋಳಿಯನ್ನು ಅದು ಶಾಲೆಗೆ ಹೋದಾಗ ಕೊಯ್ದು, ಸಂಜೆ ತಟ್ಟೆಗೆ ಬಡಿಸಿ, ಕೇಳಿದರೆ ಬೆಕ್ಕು ಹಿಡಿಯಿತೆಂದು ಹೇಳುವುದು ಅನ್ಯಾಯ. ಮಗುವಿಗೆ ಸತ್ಯ ಎಂದಾದರೊಂದು ದಿನ ಗೊತ್ತಾಗಿಯೇ ಆಗುತ್ತದೆ. ಆ ದಿನ ಅದು ಕಳೆದುಕೊಳ್ಳುವುದು ಕೋಳಿಯ ಮೇಲಿನ ಪ್ರೀತಿಯನ್ನಲ್ಲ, ಮನೆಯವರ ಮಾತಿನ ಮೇಲಿನ ನಂಬಿಕೆಯನ್ನು.

ಊರಿನ ಮನೆಗಳಲ್ಲಿ ಇದು ಇಷ್ಟು ತೊಡಕಾಗಿರಲಿಲ್ಲ ಎನ್ನುವವರಿದ್ದಾರೆ. ನಿಜ, ಅಲ್ಲಿ ಇಪ್ಪತ್ತು ಮೂವತ್ತು ಕೋಳಿಗಳಿದ್ದವು, ಯಾವುದಕ್ಕೂ ಹೆಸರಿರಲಿಲ್ಲ, ಯಾವುದು ದೈವಕ್ಕೆ, ಯಾವುದು ನೆಂಟರಿಗೆ ಎಂಬುದು ಮಕ್ಕಳ ಕಣ್ಣೆದುರಿಗೇ ತೀರ್ಮಾನವಾಗುತ್ತಿತ್ತು. ಇಲ್ಲಿ ಮೂರೇ ಕೋಳಿ, ಮೂರಕ್ಕೂ ಹೆಸರು. ಆದ್ದರಿಂದ ತರುವ ಮೊದಲೇ ಮನೆಯವರೆಲ್ಲ ಕುಳಿತು ಇತ್ಯರ್ಥ ಮಾಡಿಕೊಳ್ಳಬೇಕು. ಇದು ಸಾಕುವ ಕೋಳಿಯೋ ಅಡುಗೆಯ ಕೋಳಿಯೋ? ಅಡುಗೆಯದಾದರೆ ಮಗುವಿಗೆ ಮೊದಲ ದಿನವೇ ಹೇಳಿಬಿಡಬೇಕು, ಹೆಸರಿಡುವುದು ಬೇಡ. ಸಾಕುವುದಾದರೆ ಮೊಟ್ಟೆ ನಿಂತ ಮೇಲೂ ಅದಕ್ಕೆ ದಿನಕ್ಕೆ ನೂರು ಗ್ರಾಂ ಕಾಳು ಹಾಕುವ ಮನಸ್ಸಿರಬೇಕು. ಅದಿಲ್ಲದವರು ಮಕ್ಕಳಿಗೆ ಸೈಕಲ್ ಕೊಡಿಸುವುದು ಒಳ್ಳೆಯದು.

ಅಂಗಳವಿಲ್ಲದ ಮನೆಗಳ ಮಕ್ಕಳು ಹಾಗಾದರೆ ಕೋಳಿಯನ್ನು ತಟ್ಟೆಯಲ್ಲಿ ಮಾತ್ರ ನೋಡಬೇಕೇ? ಹಾಗೇನಿಲ್ಲ. ಬದಲಾಪುರ, ಅಂಬರ್‌ನಾಥ್ ಪರಿಸರದ ಕನ್ನಡ ಬಾಂಧವರಲ್ಲಿ ಬಂಗಲೆ, ಹಿತ್ತಿಲು ಉಳ್ಳವರು ಇದ್ದೇ ಇದ್ದಾರೆ. ನಾಲ್ಕೈದು ಮನೆಯವರು ಸೇರಿ ಅಂತಹ ಒಂದು ಹಿತ್ತಿಲಲ್ಲಿ ಒಂದೇ ಗೂಡು ಕಟ್ಟಿ, ಕಾಳಿನ ಖರ್ಚು ಹಂಚಿಕೊಂಡು, ವಾರಕ್ಕೊಂದು ಮನೆಯ ಪಾಳಿಯಂತೆ ನಡೆಸಿದರೆ ಹೊರೆ ಯಾರ ತಲೆಗೂ ಹೆಚ್ಚಾಗದು. ಭಾನುವಾರ ಬೆಳಿಗ್ಗೆ ಮಕ್ಕಳು ಒಟ್ಟುಗೂಡುತ್ತಾರೆ. ಹೇಂಟೆ, ಹುಂಜ, ನುಚ್ಚು, ತೌಡು, ಕಾವು ಎಂಬ ಪದಗಳು ಪುಸ್ತಕ ತೆರೆಯದೆಯೇ ಅವರ ನಾಲಗೆಗೆ ಬರುತ್ತವೆ. ಸಂಘಗಳು ಪ್ರತಿ ವರ್ಷ ನಡೆಸುವ ಚಿತ್ರಕಲಾ ಸ್ಪರ್ಧೆ, ಛದ್ಮವೇಷಗಳ ನಡುವೆ ಪಶುವೈದ್ಯರೊಬ್ಬರನ್ನು ಕರೆಸಿ ಒಂದು ಗಂಟೆ ಮಾತಾಡಿಸುವುದೂ ಅಸಾಧ್ಯವೇನಲ್ಲ.

ಮರಿ ತರಲು ಒಳ್ಳೆಯ ಕಾಲ ಮಳೆ ನಿಂತು ನೆಲ ಒಣಗಿದ ಮೇಲೆ, ದಸರೆಯಿಂದ ದೀಪಾವಳಿಯ ನಡುವೆ. ಎರಡು ಮೂರು ತಿಂಗಳ ಹೆಣ್ಣು ಮರಿ ಆಗ ಬಂದರೆ ಮುಂದಿನ ಮಳೆಗಾಲದೊಳಗೆ ಮೊಟ್ಟೆ ಇಡುತ್ತಿರುತ್ತದೆ. ಆದರೆ ಅದಕ್ಕಿಂತ ಮೊದಲು ಮೇ ತಿಂಗಳು ಬರುತ್ತದೆ, ಶಾಲೆಗೆ ರಜೆ, ಮನೆಯವರೆಲ್ಲ ಊರಿಗೆ ಹೊರಡುವ ಸಮಯ. ರೈಲಿನ ಟಿಕೆಟ್ ಕಾದಿರಿಸುವ ದಿನವೇ, ಆ ಇಪ್ಪತ್ತು ದಿನ ಗೂಡಿನ ಬೀಗದ ಕೈ ಯಾರ ಮನೆಯಲ್ಲಿರಬೇಕು ಎಂಬುದನ್ನೂ ಗೊತ್ತುಮಾಡಿಕೊಳ್ಳಬೇಕು.